ಲಾಗೌಟ್ ಆಗದ ಶರಣಪ್ಪ

ಯಂತ್ರಕ್ಕೂ ಜೀವವಿದೆ ಎಂದು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಗು ಮಾತ್ರ ನಿಂತಿದೆ.

ಕೆಲವು ವರ್ಷಗಳ ಹಿಂದೆ, ನಾಸಿಕ್‌ನಲ್ಲಿ ಕೂತು, ಸಂಭಾಜಿನಗರದ ಬಳಿಯ ಕೈಗಾರಿಕಾ ಪ್ರದೇಶವಾದ ವಾಳೂಜಿನ ಒಬ್ಬ ಗುತ್ತಿಗೆದಾರನಿಗೆ ಹಾಜರಿ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಕೂಲಿಗಳು ಗೇಟಿನ ಮೊಬೈಲಿನಲ್ಲಿ ಲಾಗಿನ್ ಆಗಿ ಕಾರ್ಖಾನೆಯೊಳಗೆ ಹೋಗಬೇಕು, ಲಾಗೌಟ್ ಆಗಿ ಹೊರಬರಬೇಕು. ಒಳಗಿರುವಷ್ಟು ಹೊತ್ತು ಅವರ ಹೆಸರು ಸೆಷನ್‌ನಲ್ಲಿ, ಎಂದರೆ ಸರ್ವರ್ ಬಂದಾದರೆ ಅಳಿಸಿಹೋಗುವ ಅದರ ತಾತ್ಕಾಲಿಕ ನೆನಪಿನಲ್ಲಷ್ಟೇ ಇರುತ್ತಿತ್ತು. ಒಳಗೆ ಯಾರಿದ್ದಾರೆಂದು ಕೇಳಿದರೆ ಎಪಿಐ ಎಂಬ ಪ್ರೋಗ್ರಾಂ ಅಲ್ಲಿಂದಲೇ ಓದಿ ಹೇಳುತ್ತಿತ್ತು. ಹಾಜರಿ ಖಾಯಂ ಆಗುವುದು ಲಾಗೌಟ್ ಆದಾಗಲೇ. ಕೆಲಸ ಬೇಗ ಮುಗಿಯಲೆಂದು ನಾನೇ ಮಾಡಿದ ಸೋಮಾರಿತನ ಅದು.

ಒಂದು ದಿನ ಬೀದರ್ ಕಡೆಯ ಶರಣಪ್ಪ ಎಂಬ ಕೂಲಿ ಪ್ರೆಸ್ ಯಂತ್ರದ ಬಳಿ ಬಿದ್ದು ಸತ್ತ. ಹೆಣವನ್ನು ಎತ್ತಿ ತಂದು ಗೇಟಿನಾಚೆ ರಸ್ತೆ ಬದಿಗೆ ಮಲಗಿಸಿದರಂತೆ. ಸಂಜೆ ಉಳಿದವರೆಲ್ಲ ಲಾಗೌಟ್ ಆದ ಮೇಲೆ ಗುತ್ತಿಗೆದಾರ ಫೋನ್ ಮಾಡಿದ. ಅವನೂ ಬೀದರಿನವನೇ. ಚಹಾ ತರಿಸುವಷ್ಟು ಸಲೀಸಾಗಿ ಹೇಳಿದ:

"ಅವ ಇವತ್ತ ಕೆಲಸಕ್ಕ ಬಂದೇ ಇಲ್ರಿ. ಸರ್ವರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ಮುಗೀತು."

ಕೇಳಿ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ, ಅವನು ಹೇಳಿದಂತೆಯೇ ಮಾಡಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಸರ್ವರ್ ಮತ್ತೆ ಚಾಲೂ ಆದಾಗ ಎಪಿಐಯನ್ನು ಕೇಳಿದೆ. ಖಾಲಿ ಉತ್ತರ ಬರಬೇಕಿತ್ತು. ಶರಣಪ್ಪನ ಹೆಸರು ಬಂತು, ಬೆಳಗಿನ ಲಾಗಿನ್ ಸಮಯದ ಸಮೇತ. ಮತ್ತೊಮ್ಮೆ ಬಂದ್ ಮಾಡಿದೆ. ಮತ್ತೆ ಶರಣಪ್ಪ. ಆ ಪುಟದ ಪ್ರಿಂಟ್ ತೆಗೆದು ಅವನ ಹೆಂಡತಿಗೆ ಮುಟ್ಟಿಸಿದೆ. ಜೊತೆಯವರ ಬಾಯಿಗೆ ಬೀಗ ಬಿದ್ದಿತ್ತು. ಗಂಡ ಕೆಲಸದ ಮೇಲೆಯೇ ಸತ್ತನೆನ್ನಲು ಅವಳಿಗೆ ಬೇರೆ ಆಧಾರವಿರಲಿಲ್ಲ.

ಸಂಭಾಜಿನಗರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಪರಿಹಾರದ ವಿಚಾರಣೆ ನಡೆಯಿತು. ಸರ್ವರ್ ಬಂದಾದ ಮೇಲೂ ಹೆಸರು ಉಳಿಯುವುದುಂಟೇ, ಈ ಕಾಗದ ಸುಳ್ಳು ಎಂದು ಗುತ್ತಿಗೆದಾರ ವಾದಿಸಿದ. ಅಧಿಕಾರಿ ನನ್ನನ್ನು ಕೇಳಿದರು. ಅಳಿಸಿದ್ದು ನಾನೇ, ಅಳಿಯಲಿಲ್ಲ, ಯಾಕೆಂದು ಗೊತ್ತಿಲ್ಲ ಎಂದೆ. ಹಾಗಾದರೆ ಇದು ಪುರಾವೆಯಾಗದು ಎಂದು ಅವರು ಕಾಗದವನ್ನು ಬದಿಗೆ ಸರಿಸಿದರು.

ಎಲ್ಲವನ್ನೂ ಕೇಳುತ್ತ ಮೂಲೆಯಲ್ಲಿ ಕೂತಿದ್ದ ಶರಣಪ್ಪನ ಹೆಂಡತಿ ಹೊರಗೆ ಮೆಟ್ಟಿಲ ಬಳಿ ನನ್ನನ್ನು ತಡೆದಳು.

"ಗೇಟಿನ ಮೊಬೈಲಿನ್ಯಾಗ ಹೇಳಲಾರದೆ ಅವ ಎಂದೂ ಹೊರಗ ಬಂದಾಂವಲ್ರಿ. ನೀವ್ಯಾಕ ಅವನ್ನ ಹೊರಗ ಹಾಕಲಾಕ ಹೋದ್ರಿ?"

ಹೆಸರು ಹೇಗೆ ಉಳಿಯಿತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು.