ಊರು ಯಾವುದೆಂದು ಕೇಳಿದರೆ

ಪುಣೆಯ ಧನಕವಡಿಯಲ್ಲಿ ನಮ್ಮ ಕಟ್ಟಡದ ಹಿಂದೆ ಒಂದು ನಾಲಾ ಹರಿಯುತ್ತದೆ. ಈಚೆ ನಾವು, ಆಚೆ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಮನೆಗಳು. ಮದುವೆಯಾಗಿ ಧಾರವಾಡದಿಂದ ಬಂದ ನನಗೆ ಬಾಯಿ ತುಂಬ ಕನ್ನಡ ಮಾತಾಡಬೇಕೆನಿಸಿದರೆ ನಾಲಾ ದಾಟಬೇಕು. ಈಚೆ ಎಲ್ಲ ಮರಾಠಿ. ಸಿಟ್ಟು ಬಂದರೆ ನನ್ನ ಗಂಡ ಬೈಯುವುದೂ ಮರಾಠಿಯಲ್ಲೇ.

ನಮ್ಮ ಮೆಟ್ಟಿಲು ಗುಡಿಸುವವಳು ಆಚೆಯವಳು. ಅವಳ ಗಂಡ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು, ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾನೆ. ಹೋದ ಮಳೆಗಾಲದಲ್ಲಿ ನಾಲಾ ಉಕ್ಕಿ ನೀರು ಮನೆಗಳಿಗೆ ನುಗ್ಗಿದಾಗ ಉಳಿದವರೆಲ್ಲ ರಸ್ತೆಗೆ ಓಡಿದರು. ಅವಳು ಎಲ್ಲಿಗೆ ಓಡುತ್ತಾಳೆ? ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, ಗಂಡನ ಪಕ್ಕ ಕುಳಿತು, ನೀರು ಎಲ್ಲಿಗೆ ನಿಲ್ಲುತ್ತದೋ ಎಂದು ನೋಡುತ್ತಿದ್ದಳಂತೆ. ಆಚೆ ದಡಕ್ಕೊಂದು ಗೋಡೆ ಬೇಕಿತ್ತು. ಈಚೆ ದಡಕ್ಕೆ, ನಮ್ಮ ಕಾರುಗಳು ತೋಯಬಾರದೆಂದು, ಯಾವಾಗಲೋ ಕಟ್ಟಿಯಾಗಿತ್ತು.

ಪಾಲಿಕೆ ಚುನಾವಣೆಗೆ ಇನ್ನೂ ತಿಂಗಳುಗಳಿದ್ದಾಗಲೇ ಪಕ್ಷದ ಕಾರ್ಯಕರ್ತನೊಬ್ಬ ಮನೆಗೆ ಬಂದ. ಚಹಾ ಕುಡಿಯುತ್ತ ಓಣಿಗಳ ಜಾತಕ ಹೇಳಿದ. ನಿಮ್ಮ ಬಿಲ್ಡಿಂಗ್ ನಮ್ಮದೇ, ಮುಂದಿನ ಚಾಳು ಎದುರು ಪಕ್ಷದ್ದು, ಕಾಲೇಜಿನ ಕಡೆಯ ಫ್ಲಾಟಿನವರು ಗಾಳಿ ಬಂದತ್ತ. ನಾಲಾದ ಆಚೆ, ಎಂದು ಕೇಳಿದೆ. ನಕ್ಕುಬಿಟ್ಟ.

"ತಿಥೆ ಮತಂಚ್ ನಾಹೀತ್, ಕಾಕೂ."

ಅಲ್ಲಿ ಮತಗಳೇ ಇಲ್ಲ. ಅವನು ಹೇಳಿದ್ದು ಸುಳ್ಳೂ ಅಲ್ಲ. ಆ ಜನರ ವೋಟೆಲ್ಲ ಊರಲ್ಲಿದೆ. ಅಲ್ಲಿ ಪಂಚಾಯ್ತಿ ಚುನಾವಣೆ ಬಂತೆಂದರೆ ಕರೆದೊಯ್ಯಲು ಗಾಡಿ ಬರುತ್ತದೆ, ಮದುವೆ ದಿಬ್ಬಣದಂತೆ ಎಲ್ಲರೂ ಹತ್ತುತ್ತಾರೆ.

"ಊರಾಗ ಹೆಸರು ಹಿಡದು ಕರೀತಾರ್ರಿ ಬಾಯಾರ," ಎಂದಿದ್ದಳು ಅವಳು. "ಇಲ್ಲಿ ಬರೇ 'ಏ ಬಾಯಿ' ಅಂತಾರ."

ಕೂಸು ಅತ್ತರೇನೇ ತಾಯಿ ಹಾಲು ಕೊಡುವುದು, ಇಲ್ಲಿ ವೋಟಿಲ್ಲದಿದ್ದರೆ ಇಲ್ಲಿ ಗೋಡೆಯೂ ಇಲ್ಲ ಎಂದು ದಿನಾ ಮೆಟ್ಟಿಲ ಮೇಲೆ ಅವಳ ತಲೆ ತಿಂದೆ. ಕೊನೆಗೆ ಊರಿನ ಮತಪಟ್ಟಿಯಿಂದ ಹೆಸರು ತೆಗೆಸಿ ಇಲ್ಲಿಯದರಲ್ಲಿ ಹಾಕಿಸಿದಳು. ಅವಳನ್ನು ನೋಡಿ ಇನ್ನೂ ಕೆಲವು ಹೆಂಗಸರು ಹಾಕಿಸಿದರು. ಸುದ್ದಿ ಊರಿಗೆ ಮುಟ್ಟಿದ್ದೇ ಮೈದುನ ಫೋನಿನಲ್ಲಿ ಕೂಗಾಡಿದನಂತೆ: "ನಮ್ಮ ಪಾಲಿಗೆ ನೀ ಸತ್ತಂಗ." ಅವಳು ಅದನ್ನು ನನಗೆ ಹೇಳಿ ಮತ್ತೆ ಕಸಬರಿಗೆ ಹಿಡಿದಳು.

ಕಲಿಸುವುದು ಇನ್ನೊಂದಿತ್ತು. ಪುಣೆಯಲ್ಲಿ ಯಾರಾದರೂ "ಗಾವ್ ಕುಠಲಂ?", ಊರು ಯಾವುದು, ಎಂದರೆ ನಮ್ಮವರು ಎಷ್ಟು ವರ್ಷ ಇಲ್ಲಿದ್ದರೂ ಹುಟ್ಟಿದ ಊರಿನ ಹೆಸರನ್ನೇ ಹೇಳುತ್ತಾರೆ. ನಾನೂ ಧಾರವಾಡ ಎನ್ನುತ್ತೇನೆ, ಯಾರೂ ತಪ್ಪು ತಿಳಿಯುವುದಿಲ್ಲ. ಆಚೆಯವರು ಹೇಳಿದರೆ ಮಾತ್ರ, ಓಹೋ ಇವರು ಹೊರಗಿನವರು ಎಂದು ಕೇಳಿದವನು ಮುಂದೆ ನಡೆಯುತ್ತಾನೆ. "ಧನಕವಡಿ ಅನ್ರಿ" ಎಂದು ಗಿಣಿಗೆ ಕಲಿಸಿದ ಹಾಗೆ ಕಲಿಸಿದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. "ಇದೇನ್ ಊರೇನ್ರಿ?"

ಪ್ರಚಾರದಲ್ಲಿ ಅಭ್ಯರ್ಥಿಯನ್ನು ನಾನೇ ಕಾಡಿಬೇಡಿ ನಾಲಾ ದಾಟಿಸಿದೆ. ಕೈ ಮುಗಿದವನು ಮೊದಲು ಕೇಳಿದ್ದೇ ಅದು. ಗಾವ್ ಕುಠಲಂ?

"ಯಾದಗಿರಿ ಕಡೀರೀ!" ಎಂದು ಓಣಿಗೆ ಓಣಿಯೇ ಖುಷಿಯಿಂದ ಕೂಗಿತು. ನಾನು ಹಣೆ ಹಣೆ ಬಡಿದುಕೊಂಡೆ. ಅವಳೊಬ್ಬಳೇ ಮುಂದೆ ಬಂದು, ಪಾಠ ಒಪ್ಪಿಸುವವಳ ಹಾಗೆ, "ಧನಕವಡಿ" ಎಂದಳು. ಅಷ್ಟರಲ್ಲಿ ಅವನು ತಿರುಗಿ ಹೊರಟಾಗಿತ್ತು.

ಮತದಾನದ ದಿನ ಗಂಡನಿಗೆ ಗಂಜಿ ಕುಡಿಸಿ, ಇಳಕಲ್ ಸೀರೆ ಉಟ್ಟು ಬಂದು ಸಾಲಿನಲ್ಲಿ ನಿಂತಳು. ನಮ್ಮ ಕಟ್ಟಡದ ಅರ್ಧ ಮಂದಿ ರಜೆ ಸಿಕ್ಕಿತೆಂದು ಮಹಾಬಳೇಶ್ವರಕ್ಕೆ ಹೋಗಿದ್ದರು. ನಾವು ಓದಿದವರು, ಮತ ಹಾಕದಿದ್ದರೂ ಲೆಕ್ಕದಲ್ಲಿರುತ್ತೇವೆ.

ಅವನೇ ಗೆದ್ದ. ಬೇಸಿಗೆಯಲ್ಲಿ ನಮ್ಮ ಓಣಿಯ ನೆಲದ ಸಿಮೆಂಟ್ ಬ್ಲಾಕು ಕಿತ್ತು ಹೊಸವನ್ನು ಹಾಸಿದರು. ಹಳೆಯವು ಗಟ್ಟಿಮುಟ್ಟಾಗಿಯೇ ಇದ್ದವು. ಗೋಡೆಗಾಗಿ ನಾನು ಅವನ ಕಚೇರಿಗೆ ಚಪ್ಪಲಿ ಸವೆಸಿದೆ. ಪ್ರತಿಸಲವೂ "ಬಘೂಯಾ", ನೋಡೋಣ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಅವಳ ಉಗುರಿನ ಶಾಯಿ ಬೆಳೆಬೆಳೆದು ತುದಿಗೆ ಬಂತು. ಕಾತ್ರಜ್ ಗುಡ್ಡದ ಮೇಲೆ ಮೋಡ ಕಟ್ಟಿದಾಗಲೆಲ್ಲ ಎಲ್ಲರ ಮೇಲೂ ರೇಗುತ್ತಿದ್ದೆ.

ಮೊದಲ ದೊಡ್ಡ ಮಳೆ ಬಿದ್ದ ಮಧ್ಯಾಹ್ನ ಛತ್ರಿ ಹಿಡಿದು ಆಚೆ ಹೋದೆ. ನಮ್ಮ ಓಣಿಯಿಂದ ಕಿತ್ತೆಸೆದ ಬ್ಲಾಕುಗಳನ್ನು ಹೊತ್ತು ತಂದು ಅವಳು ಮಂಚ ಎತ್ತರಿಸುತ್ತಿದ್ದಳು. ಮಂಚದ ಒಂದು ಕಾಲನ್ನು ನಾನು ಎತ್ತಿ ಹಿಡಿದೆ.

"ಇನ್ನ ಏರಿಸಿದರ ತಗಡಿಗೆ ತಲಿ ಬಡೀತದ," ಎಂದು ಅವಳ ಗಂಡ ನಗಲು ನೋಡಿದ. ಹೊರಗೆ ನಾಲಾದ ಸದ್ದು ಹೆಚ್ಚುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮಳಿ ಮುಗಿಯೂತನಕ ಇವರನ್ನ ಕರಕೊಂಡು ಊರಿಗೆ ಹೋಗಿಬಿಡವ್ವಾ," ಎಂದೆ.

ಅವಳು ಕೈಯಲ್ಲಿದ್ದ ಬ್ಲಾಕು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಯಾವ ಊರಿಗ್ರಿ ಬಾಯಾರ? ಧನಕವಡಿ ಅನ್ನು ಅಂತ ನೀವ ಕಲಿಸೀರಲ್ರಿ."