ಸೌತೆ ಬಳ್ಳಿಗೆ ಫಸ್ಟ್ ಕ್ಲಾಸ್

ನಮ್ಮ ಯಜಮಾನರು ಶಿವರುದ್ರಪ್ಪನವರು ಹಲಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಸಾರಿಗೂ ಮಾರ್ಕ್ಸ್, ಬಸ್ ಡ್ರೈವರಿಗೂ ಮಾರ್ಕ್ಸ್. ಮೂವತ್ತೈದು ಬಂದರೆ ಪಾಸು, ಅರವತ್ತು ಬಂದರೆ ಫಸ್ಟ್ ಕ್ಲಾಸು. ಸಾರಿನ ವಿಷಯ ತಾನೇ ಎಂದು ಇಷ್ಟು ವರ್ಷ ಸಹಿಸಿಕೊಂಡೆ.

ಸೌತೆಕಾಯಿಯ ವಿಷಯ ಹಾಗಲ್ಲ. ಇದೇ ಎರಡು ಸಾವಿರದ ನಾಲ್ಕರ ಶುರುವಿನಲ್ಲಿ, ಕೆ.ಆರ್. ಪುರದಾಚೆ ಗುತ್ತಿಗೆಗೆ ಹಿಡಿದ ಜಾಗದಲ್ಲಿ ನಾನೊಂದು ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ ಕಟ್ಟಿಸಿದೆ. ಮದುವೆಯಾದಾಗಿನಿಂದ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಇಂದಿರಾನಗರದ ಹೋಟೆಲೊಂದಕ್ಕೆ ತರಕಾರಿ ಕೊಳ್ಳುವ ವಾಜಿದ್, ಮೊದಲ ಕೊಯ್ಲು ಚೆನ್ನಾಗಿ ಬಂದರೆ ವರ್ಷವಿಡೀ ನನ್ನಿಂದಲೇ ಕೊಳ್ಳುತ್ತೇನೆ ಎಂದಿದ್ದ.

ಗೊಬ್ಬರದ ಸಲಹೆ ಕೊಡುವ ದುರ್ಗೇಶ ಒಂದು ಪುಟ್ಟ ಯಂತ್ರ ತಂದುಕೊಟ್ಟ. ಅದರ ಬಾಯಿಗೆ ಎಲೆ ಕಚ್ಚಿಸಿದರೆ ಎಲೆಯ ಮೂಲಕ ಬೆಳಕು ಹಾಯಿಸಿ, ಹಸಿರು ಎಷ್ಟಿದೆ ಎಂದು ಒಂದು ಸಂಖ್ಯೆ ತೋರಿಸುತ್ತದೆ. ಬಳ್ಳಿಗೆ ಸಾರಜನಕ ಸಾಕೋ ಸಾಲದೋ ಅದರಿಂದ ತಿಳಿಯುತ್ತದೆ.

"ಸೌತೆಗೆ ನಲವತ್ತರ ಆಸುಪಾಸು ಇದ್ರೆ ಸಾಕು ಸಾರ್. ಜಾಸ್ತಿ ಮಾಡೋಕೆ ಹೋಗ್ಬೇಡಿ, ಬರೀ ಎಲೆ ಬರುತ್ತೆ, ಕಾಯಿ ಕಚ್ಚಲ್ಲ" ಎಂದು ಅವನು ಎರಡು ಸಲ ಹೇಳಿದ. ನಮ್ಮವರು ತಲೆಯಾಡಿಸಿದರು. ಅವರು ತಲೆಯಾಡಿಸಿದರೆಂದರೆ ಕಿವಿಗೆ ಹಾಕಿಕೊಂಡಿಲ್ಲ ಎಂದೇ ಅರ್ಥ.

ಮೊದಲ ಎಲೆ ನಲವತ್ತೊಂದು ತೋರಿಸಿತು. ಅವರ ಮುಖ ಇಳಿದುಹೋಯಿತು.

"ಏನ್ ಪ್ರೇಮಾ, ಜಸ್ಟ್ ಪಾಸು. ನಾಚಿಕೆ ಆಗಲ್ವಾ?"

ನಾಚಿಕೆ ಬಳ್ಳಿಗೋ ನನಗೋ ಎಂದು ನಾನು ಕೇಳಲಿಲ್ಲ. ಅದೇ ವಾರ ಬಳ್ಳಿಗಳನ್ನು ಅವರ ಕೈಗೆ ಒಪ್ಪಿಸಿ ಮಗಳ ಬಾಣಂತನಕ್ಕೆಂದು ದಾವಣಗೆರೆಗೆ ಹೋದೆ. ಫೋನು ಮಾಡಿದಾಗಲೆಲ್ಲ, "ಚೆನ್ನಾಗ್ ಓದ್ತಾ ಇದಾವೆ, ಚಿಂತೆ ಬಿಡು" ಎನ್ನುತ್ತಿದ್ದರು. ಈ ಮನುಷ್ಯ ಅಲ್ಲಿ ನೀರಿನ ತೊಟ್ಟಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟ ಹಾಗೆ ಯೂರಿಯಾ ಸುರಿಯುತ್ತಿದ್ದಾರೆಂದು ನನಗೇನು ಗೊತ್ತು.

ನಾನು ವಾಪಸು ಬರುವಷ್ಟರಲ್ಲಿ ಯಂತ್ರ ಅರವತ್ತು ದಾಟಿತ್ತು. ಎಲೆಗಳು ಊಟದ ತಟ್ಟೆಯಷ್ಟಗಲ, ಕಪ್ಪು ಹಸಿರು. ಹೂವು ಅಲ್ಲೊಂದು ಇಲ್ಲೊಂದು, ಅವೂ ಮುಟ್ಟಿದರೆ ಉದುರುತ್ತಿದ್ದವು. ವಾಜಿದ್ ಬಂದು ಬಳ್ಳಿ ಸರಿಸಿ ಸರಿಸಿ ನೋಡಿದ.

"ಎಲೆ ಬಹಳ ಚೆನ್ನಾಗಿದೆ ಅಕ್ಕಾ. ಹೋಟ್ಲಿಗೆ ಕಾಯಿ ಬೇಕಲ್ಲ."

ಆ ವ್ಯಾಪಾರ ಹೊಸಕೋಟೆ ಕಡೆಯ ಯಾರಿಗೋ ಹೋಯಿತು. ನಾನು ಬಳ್ಳಿಗಳ ನಡುವೆಯೇ ಕೂತು ಅತ್ತುಬಿಟ್ಟೆ. ಇವರು ಯಂತ್ರ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಎಲ್ಲಿ ತಪ್ಪಿತೆಂದು ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ, ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು.

ಆ ಬಳ್ಳಿಗಳನ್ನೆಲ್ಲ ಕಿತ್ತುಹಾಕಿ ಮತ್ತೆ ಬೀಜ ಹಾಕಿದೆ. ಹೊಸದಾಗಿ ಕೊಳ್ಳುವವರನ್ನು ಹುಡುಕಬೇಕು. ಈಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಮೊನ್ನೆ ಪ್ಲಾಸ್ಟಿಕ್ಕಿನಾಚೆ ಅವರ ನೆರಳು ಬಂದು ನಿಂತಿತು.

"ಪ್ರೇಮಾ, ನಿಂಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ಕಣೇ."

"ಗೊತ್ತು ರೀ" ಎಂದೆ. "ಅದಕ್ಕೇ ಚಿಲಕ ಹಾಕಿರೋದು."