ಕೊಂಡಿ ಮತ್ತು ಗಣಿತ ಒಂದೇ ದಿನ ಬಂದಾಗ

ಕಳೆದ ವರ್ಷದ ಮಾತು. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮುಕ್ತ ಶಾಲೆಯ ಕಲಿಕಾ ಕೇಂದ್ರ ನಡೆಸುತ್ತಿದ್ದೆ. ಆ ದಿನವೂ ಎಂದಿನಂತೆ ಹಾಲು ಕಾಯಿಸಿ, ಯಜಮಾನರಿಗೆ ಚಹಾ ಕೊಟ್ಟು, ಚುರುಮುರಿ ತೋಯಿಸಿ ಸುಸಲಾಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವ ಹೊತ್ತಿಗೆ ಬಾಗಿಲಲ್ಲಿ ನನ್ನ ವಿದ್ಯಾರ್ಥಿನಿ ರೇಣುಕಾ ಬಂದು ನಿಂತಳು. ಇಸ್ತ್ರಿ ಮಾಡಿದ ಚೂಡಿದಾರ, ಬಿಗಿದ ಜಡೆ, ಕೈಯಲ್ಲಿ ಕಂಪಾಸ್ ಪೆಟ್ಟಿಗೆ. ಮುಖ ಮಾತ್ರ ಸಪ್ಪಗಿತ್ತು.

ಮುಕ್ತ ಶಾಲೆ ಎಂದರೆ, ಓದು ಬಿಟ್ಟವರು ತಮಗೆ ಬಿಡುವಾದಾಗ ಕಲಿತು, ತಯಾರಾದ ವಿಷಯವನ್ನಷ್ಟೇ ಒಂದೊಂದಾಗಿ ಬರೆದು ಹತ್ತನೆಯ ತರಗತಿ ಮುಗಿಸುವ ವ್ಯವಸ್ಥೆ. ನಾನು ಓದಿದ ಕಾನ್ವೆಂಟಿನಲ್ಲಿ ಗಂಟೆ ಬಾರಿಸಿದರೆ ನಗುವೂ ನಿಲ್ಲುತ್ತಿತ್ತು. ಇಲ್ಲಿ ನನ್ನ ಹುಡುಗಿಯರು ಮಗ್ಗ ನಿಂತಾಗ ಬರುತ್ತಿದ್ದರು. ಇವತ್ತು ಯಾವ ಪಾಠ ಎಂದು ತಾವೇ ಹೇಳುತ್ತಿದ್ದರು. ಎಂಟನೆಯ ತರಗತಿಗೆ ಶಾಲೆ ಬಿಟ್ಟಿದ್ದ ರೇಣುಕಾಗೆ ಈಗ ಗಣಿತ ಒಂದೇ ಬಾಕಿ. ಪರೀಕ್ಷೆ ಅಂದು ಮಧ್ಯಾಹ್ನ ಹುನಗುಂದದಲ್ಲಿತ್ತು.

"ಅಕ್ಕೋರ, ನಿನ್ನೆ ಸಂಜಿಕ ಸೆರಗಿನ ಹಾಸು ಬಂತ್ರಿ. ಇವತ್ತ ಕೊಂಡಿ ಹಾಕಬೇಕಂತಾನ ಅಪ್ಪ."

ಇಳಕಲ್ ಸೀರೆಯ ಒಡಲು ಹತ್ತಿ ನೂಲಿನದು, ಸೆರಗು ರೇಷ್ಮೆಯದು. ಎರಡರ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಕುಣಿಕೆಯೊಳಗೆ ಕುಣಿಕೆ ತೂರಿಸಿ ಜೋಡಿಸುವುದೇ ಕೊಂಡಿ. ಆ ಮನೆಯಲ್ಲಿ ಅದು ರೇಣುಕಾಳ ಕೆಲಸ. ತಾಯಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಮದುವೆಯ ಸೀರೆ, ತಡ ಮಾಡುವಂತಿರಲಿಲ್ಲ.

"ಇರಲಿ ಬಿಡವಾ, ಮುಂದಿನ ಸಲ ಬರದ್ರಾತು. ನಮ್ಮಲ್ಲಿ ಆ ಸವಲತ್ತು ಅದ ಅಲ್ಲ," ಎಂದೆ.

"ಮುಂದಿನ ಸಲಕ್ಕ ನಾ ಯಾರ ಮನ್ಯಾಗ ಇರ್ತೇನೋ ಯಾರ ಬಲ್ಲರಿ. ವರಾ ನೋಡಾಕತ್ತಾರ. ಲೆಕ್ಕ ಈಗ ತಲ್ಯಾಗ ಕುಂತಾವ." ತುಸು ತಡೆದು ಸೇರಿಸಿದಳು: "ನಾ ಇನ್ನೂ ಎಳಿ ಮುಟ್ಟಿಲ್ಲರಿ."

ಮೊದಲ ಕುಣಿಕೆ ಹಾಕಿದವರೇ ಕೊನೆಯದನ್ನೂ ಹಾಕಬೇಕೆಂಬುದು ಅವರ ಮನೆಯ ಪದ್ಧತಿ. ನಡುವೆ ಕೈ ಬದಲಾದರೆ ಬಿಗಿ ಬದಲಾಗುತ್ತದೆ. ಹುಡುಗಿ ಎಳೆ ಮುಟ್ಟುವ ಮೊದಲೇ ಎದ್ದು ಬಂದಿದ್ದಳು; ಬೇರೊಂದು ಕೈ ಮೊದಲಿನಿಂದ ಹಾಕಬಹುದಿತ್ತು. ನಾನು ಗ್ಯಾಸ್ ಆರಿಸಿದೆ.

ಅವರ ಓಣಿಯಲ್ಲೇ ನನ್ನ ಇನ್ನೊಬ್ಬ ವಿದ್ಯಾರ್ಥಿನಿ ಶಬಾನಾ ಇದ್ದಳು; ತನ್ನ ಮನೆಯ ಮಗ್ಗಕ್ಕೆ ಕೊಂಡಿ ಹಾಕುವವಳು ಅವಳೇ. ಅವಳಿಗೆ ವಿಷಯ ಹೇಳಿದೆ.

"ಲೆಕ್ಕಾ ಮಾಡಂದಿದ್ರ ಓಡಿ ಹೋಗ್ತಿದ್ದೆ. ಕೊಂಡಿ ಅಲ್ಲೇನ್ರಿ? ನಡೀರಿ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ರೇಣುಕಾಳ ತಂದೆ ಮಲ್ಲಪ್ಪ ಒಪ್ಪಲಿಲ್ಲ. "ಬ್ಯಾರೆ ಮನಿ ಕೈರಿ ಅಕ್ಕೋರ. ಸೆರಗು ಜಗ್ಗಿತಂದ್ರ ಮದುಮಗಳು ಆಡಿಕೊಳ್ಳೂದು ನನ್ನ."

"ಕಾಕಾ, ಒಂದು ಗೇಣು ಹಾಕ್ತೇನಿ. ಸರಿ ಅನಸಲಿಲ್ಲಂದ್ರ ಬಿಚ್ಚಿ ನಿನ್ನ ಮಗಳನ್ನ ಕುಂಡ್ರಸು," ಎಂದಳು ಶಬಾನಾ.

ಅವಳು ಕೂತು ಹಾಕತೊಡಗಿದಳು. ಒಂದು ಗೇಣಾದ ಮೇಲೆ ಮಲ್ಲಪ್ಪ ಬಗ್ಗಿ ಜೋಡಣೆಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ರೇಣುಕಾ ಕಂಪಾಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಕೊನೆಗೆ ಅವರು ಮಗಳತ್ತ ತಿರುಗಿದರು.

"ಇನ್ನ ಏನ್ ನೋಡ್ತಿ? ಬಸ್ಸು ನಿಮ್ಮಪ್ಪಂದಲ್ಲ, ನಿಂತು ಕರಕೊಂಡು ಹೋಗಾಕ."

ಹುನಗುಂದದಲ್ಲಿ ಅವಳು ಒಳಗೆ ಬರೆಯುವಾಗ ನಾನು ಹೊರಗೆ ಬೇವಿನ ನೆರಳಲ್ಲಿ ಕೂತು ಮನಸ್ಸಿನಲ್ಲೇ ಪ್ರಮೇಯ ಒಪ್ಪಿಸುತ್ತಿದ್ದೆ. ಹೊರಬಂದವಳು ಹೇಳಿದ್ದು ಇಷ್ಟು: "ಒಂದು ವರ್ತುಳದ್ದು ಬಿಟ್ಟೇನ್ರಿ. ಉಳಿದದ್ದಕ್ಕ ಕೈ ನಿಲ್ಲಲಿಲ್ಲ. ಭಾಳ ಹಸಿವಾಗೇದ." ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದೆವು. ಮುಂದೆ ಅವಳು ಪಾಸೂ ಆದಳು. ಆದರೆ ನನ್ನ ಪಾಠ ಅಂದೇ ಆಗಿತ್ತು. ಕಲಿಯುವವರ ಅನುಕೂಲವೆಂದರೆ ಪರೀಕ್ಷೆ ಮುಂದೂಡುವ ಸವಲತ್ತು ಎಂದೇ ನಾನು ತಿಳಿದಿದ್ದೆ. ಹುಡುಗಿ ತಯಾರಾಗಿರುವಾಗ ಸರಿಯಬೇಕಾದದ್ದು ಪರೀಕ್ಷೆಯಲ್ಲ, ಸುತ್ತಲಿನ ನಾವು.

ಸಂಜೆ ಮರಳಿದಾಗ ನೆರೆಮನೆಯ ಗಂಗವ್ವ ತಮ್ಮ ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಅಂದರು: "ರೇಣುಕಾ ಬರ್ಯಾಕ ಹೋದ್ಲಂತ, ಶಬಾನಾ ಕೊಂಡಿಗೆ ಕುಂತಳಂತ. ನಮ್ಮ ಸೊಸಿನೂ ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾಳ್ರಿ. ಮಧ್ಯಾಹ್ನದ ಭಾಂಡಿ ನಾ ತಿಕ್ಕೋತೇನಿ, ನಾಳಿಂದ ಅಕಿನ್ನ ನಿಮ್ಮ ಕಡೆ ಕಲ್ಯಾಕ ಕಳಸ್ತೇನಿ."